ರಾತ್ರಿಯೂಟಕ್ಕೆ ಮೊಸರು

ಪ್ರಶ್ನೆ: ರಾತ್ರಿ ಮೊಸರು ಕೂಡದೆಂದು ಹಿರಿಯರು ಹೇಳುವರಲ್ಲ, ಇದಕ್ಕೆ ಶಾಸ್ತ್ರಾಧಾರವುಂಟೇ?

ಉತ್ತರ: ಉಂಟು. ಆಯುರ್ವೇದಗ್ರಂಥವಾದ ಚರಕಸಂಹಿತೆಯ ಸೂತ್ರಸ್ಥಾನವು ರಾತ್ರಿಯ ದಧಿಸೇವನೆಯನ್ನು ಸ್ಪಷ್ಟವಾಗಿ ನಿಷೇಧಿಸಿರುವುದಲ್ಲದೆ, ತುಪ್ಪ, ಸಕ್ಕರೆ, ಹೆಸರುಬೇಳೆಯ ಕಟ್ಟು, ಜೇನು, ನೆಲ್ಲಿಕಾಯಿ ಇಂಥವುಗಳ ಸಂಗಡವಿಲ್ಲದೆ ಬರಿಯ ಮೊಸರನ್ನು ಉಣ್ಣಲಾಗದೆಂದೂ, ಅದನ್ನು ಬಿಸಿಮಾಡಲಾಗದೆಂದೂ ವಿಧಿಸುತ್ತದೆ. ಮುಟ್ಟಿದರೆ ತಣ್ಣಗಿರುವ ಈ ಪದಾರ್ಥವು ವೀರ್ಯದಲ್ಲಿ, ಎಂದರೆ ದೇಹದ ಮೇಲಣ ಪರಿಣಾಮದಲ್ಲಿ, ಉಷ್ಣವೂ, ಜೀರ್ಣಕ್ಕೆ ಗುರುವೂ, ಕಫಪಿತ್ತಗಳನ್ನು ವೃದ್ಧಿಗೊಳಿಸುವಂಥದೂ ಆಗಿರುವುದರಿಂದ, ಶರತ್, ಗ್ರೀಷ್ಮ, ವಸಂತ ಋತುಗಳಲ್ಲಿಯೂ ಅದು ಪ್ರಾಯಶಃ ವರ್ಜ್ಯವೆಂಬುದು ಆಚಾರ್ಯರ ಮತ; ಬೇಸಗೆಯಲ್ಲಿಯೇ ಮೊಸರನ್ನಕ್ಕೆ ಹಾತೊರೆಯುವ ನಮಗೆ ಇದನ್ನೊಪ್ಪುವುದು ಕಷ್ಟವೇ ಸರಿ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯನ್ನಾದರೋ ಲಘುವೆಂದೂ ಅಗ್ನಿದೀಪಕವೆಂದೂ ಅದೇ ಶಾಸ್ತ್ರವು ಕೊಂಡಾಡಿದೆ. ಆದರೂ ದೃಢಕಾಯರು ಅಪರೂಪಕ್ಕೊಮ್ಮೆ ರಾತ್ರಿ ಉಂಡ ಮೊಸರಿಗೆ ಅಂಜಬೇಕಾದುದಿಲ್ಲ. ಕೆಮ್ಮು ನೆಗಡಿಗಳಿಗೆ ಬೇಗ ಈಡಾಗುವವರು ಮಾತ್ರ ಅದನ್ನು ಮಧ್ಯಾಹ್ನದ ಊಟಕ್ಕೇ ಮುಗಿಸುವುದು ಲೇಸು.