ಅಣಬೆಮೋಡದೊಳಗೆ ಹೊಕ್ಕ ವಿಮಾನಗಳು

ಸಿಡಿದ ಮೇಲೆ ಅಣುಬಾಂಬಿನಲ್ಲಿ ಪರೀಕ್ಷಿಸಲು ಉಳಿಯುವುದೇನು? ಕವಚ, ತಂತಿ, ಅದನ್ನು ಹೊತ್ತಿದ್ದ ಗೋಪುರ ಎಲ್ಲವೂ ಕ್ಷಣದಲ್ಲಿ ಆವಿಯಾಗಿ ಮೋಡ ಸೇರುತ್ತವೆ. ಆವಿ ತಣಿದು ಸಣ್ಣ ಕಣಗಳಾಗುತ್ತದೆ. ಬಾಂಬಿನ ಲೆಕ್ಕವೆಲ್ಲ ಆ ಕಣಗಳಲ್ಲೇ. ಪರಮಾಣುಗಳು ಒಡೆದಾಗ ಹುಟ್ಟುವ ಮಾಲಿಬ್ಡಿನಂ-99ಕ್ಕೂ ಒಡೆಯದೆ ಉಳಿದ ಪ್ಲುಟೋನಿಯಂಗೂ ಇರುವ ಅನುಪಾತ ಸಿಕ್ಕರೆ, ಇಂಧನದಲ್ಲಿ ಎಷ್ಟು ಪಾಲು ಉರಿಯಿತೆಂದು ತಿಳಿಯುತ್ತದೆ; ಅಲ್ಲಿಂದ ಸ್ಫೋಟದ ಬಲವೂ. ಇದಕ್ಕೆ ಮೋಡದ ಒಂದು ಚಿಟಿಕೆ ಸಾಕು. ಆದರೆ ತರುವವರು ಯಾರು?

1946ರಲ್ಲಿ ಬಿಕಿನಿ ದ್ವೀಪದ ಪರೀಕ್ಷೆಗಳಲ್ಲಿ ಅಮೆರಿಕ ಚಾಲಕರಿಲ್ಲದ ಬಿ-17 ವಿಮಾನಗಳನ್ನು ರೇಡಿಯೋ ಮೂಲಕ ಮೋಡಕ್ಕೆ ನುಗ್ಗಿಸಿತು. 1948ರಲ್ಲಿ ಎನಿವೆಟಾಕ್ ದ್ವೀಪದ ಪರೀಕ್ಷೆಯ ವೇಳೆ ಸಿಬ್ಬಂದಿಯಿದ್ದ ವಿಮಾನವೊಂದು ಅಕಸ್ಮಾತ್ತಾಗಿ ಮೋಡದೊಳಗೆ ಹಾದುಹೋಯಿತು. ಇಳಿದವರಲ್ಲಿ ಯಾರೂ ಕಾಯಿಲೆ ಬೀಳಲಿಲ್ಲ. ಮನುಷ್ಯರನ್ನೇ ಕಳಿಸಬಹುದೆಂಬ ಧೈರ್ಯ ಅಧಿಕಾರಿಗಳಿಗೆ ಬಂದದ್ದು ಅಲ್ಲಿಂದ. ಆದರೆ ವಿಕಿರಣದ ಪೆಟ್ಟು ಎಷ್ಟೋ ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ಅಂದು ಚೆನ್ನಾಗಿದ್ದರು ಎಂಬುದು ತೀರಾ ಬಡ ಪುರಾವೆ.

1952ರ ನವೆಂಬರ್ 1ರಂದು ಅದೇ ಎನಿವೆಟಾಕ್‌ನಲ್ಲಿ ‘ಮೈಕ್’ ಎಂಬ ಹೈಡ್ರೋಜನ್ ಸಾಧನ ಸಿಡಿಯಿತು. ಅದರ ಬಲ 10.4 ಮೆಗಾಟನ್, ಅಂದರೆ ಒಂದು ಕೋಟಿ ಟನ್ನಿಗೂ ಹೆಚ್ಚು ಟಿಎನ್‌ಟಿಗೆ ಸಮ. ಎಫ್-84 ಜೆಟ್‌ಗಳು ರೆಕ್ಕೆಯ ತುದಿಗೆ ಸೋಸುಕಾಗದ ಹೊತ್ತು ಮೋಡ ಹೊಕ್ಕವು. ಕ್ಯಾಪ್ಟನ್ ಜಿಮ್ಮಿ ರಾಬಿನ್‌ಸನ್ ಒಳಗೆ ವಿಮಾನದ ಹಿಡಿತ ಕಳೆದುಕೊಂಡರು, ಹೇಗೋ ಸಾವರಿಸಿಕೊಂಡು ಹೊರಬಂದರು. ಅಷ್ಟರಲ್ಲಿ ಇಂಧನ ಮುಗಿಯುತ್ತ ಬಂದಿತ್ತು. ಇಳಿದಾಣಕ್ಕೆ ಇನ್ನೇನು ತಲುಪಬೇಕು ಎನ್ನುವಾಗ ವಿಮಾನ ಸಮುದ್ರಕ್ಕೆ ಬಿತ್ತು, ದೇಹ ಸಿಗಲಿಲ್ಲ.

ಮರಳಿದ ವಿಮಾನಗಳ ಕಾಗದದಲ್ಲಿ ಯಾರೂ ನಿರೀಕ್ಷಿಸದ್ದು ಸಿಕ್ಕಿತು. ಸ್ಫೋಟದ ಒಂದೇ ಹೊಡೆತಕ್ಕೆ ಯುರೇನಿಯಂ-238 ಹದಿನೈದು ನ್ಯೂಟ್ರಾನ್‌ಗಳನ್ನು ನುಂಗಿ, ಮುಂದೆ ಹಂತಹಂತವಾಗಿ ಮಾರ್ಪಟ್ಟು, 99ನೇ ಧಾತುವಾಗಿತ್ತು. ಬರ್ಕ್ಲಿಯ ವಿಜ್ಞಾನಿ ಆಲ್ಬರ್ಟ್ ಗಿಯೋರ್ಸೊ ಮತ್ತು ಸಂಗಡಿಗರು ಅದನ್ನು ಗುರುತಿಸಿದರು. ಅದೇ ಸ್ಫೋಟದ ಅವಶೇಷದಲ್ಲಿ 100ನೆಯದೂ ಸಿಕ್ಕಿತು. ಐನ್‌ಸ್ಟೈನಿಯಂ, ಫರ್ಮಿಯಂ ಎಂಬ ಇವುಗಳ ಸುದ್ದಿಯನ್ನು 1955ರವರೆಗೆ ಗುಟ್ಟಾಗಿಟ್ಟಿದ್ದರು.

ಸೋಸುಕಾಗದ ಪರರ ಗುಟ್ಟನ್ನೂ ಹಿಡಿಯಬಲ್ಲದು. 1949ರ ಸೆಪ್ಟೆಂಬರ್ 3ರಂದು ಜಪಾನಿನಿಂದ ಅಲಾಸ್ಕಾಗೆ ಹಾರಿದ ಅಮೆರಿಕದ ಹವಾಮಾನ ವಿಮಾನದ ಕಾಗದ, ಇರಬೇಕಾದುದಕ್ಕಿಂತ ಹೆಚ್ಚು ವಿಕಿರಣ ತೋರಿಸಿತು. ಐದು ದಿನ ಮುಂಚೆ ಸೋವಿಯತ್ ಒಕ್ಕೂಟ ಸೆಮಿಪಲಾಟಿನ್‌ಸ್ಕ್‌ನಲ್ಲಿ ತನ್ನ ಮೊದಲ ಬಾಂಬನ್ನು ಸದ್ದಿಲ್ಲದೆ ಪರೀಕ್ಷಿಸಿತ್ತು. ಸೆಪ್ಟೆಂಬರ್ 23ಕ್ಕೆ ಅಧ್ಯಕ್ಷ ಟ್ರೂಮನ್ ಅದನ್ನು ಲೋಕಕ್ಕೆ ಸಾರಿದರು.

ವಾತಾವರಣದಲ್ಲಿ ಅಣುಪರೀಕ್ಷೆ ನಿಷೇಧಿಸಿದ 1963ರ ಒಪ್ಪಂದದ ನಂತರ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ತಮ್ಮ ಪರೀಕ್ಷೆಗಳನ್ನು ನೆಲದಡಿಗೆ ಒಯ್ದವು. ಬಂಡೆಯ ಬಿರುಕುಗಳಿಂದ ಅನಿಲ ಮಾತ್ರ ಒಂದಿಷ್ಟು ನುಸುಳಬಹುದು. ವಿಮಾನಗಳ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ: 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ನೆಲದಡಿ ಬಾಂಬು ಸಿಡಿಸಿದಾಗ, ಗಾಳಿಯಲ್ಲಿ ಸಂಗ್ರಹಿಸಿದ ಮಾದರಿಗಳ ಆಧಾರದಲ್ಲೇ ಅಮೆರಿಕ ಒಂದು ವಾರದೊಳಗೆ ಅದು ಅಣುಸ್ಫೋಟವೆಂದು ಖಚಿತಪಡಿಸಿತು.