ಹಳೆಯ ರಿವಾಲ್ವರ್ ಗುರಿ ತಪ್ಪುವುದಿಲ್ಲವೇ? ಇಷ್ಟೊಂದು ನಿಖರತೆಗೆ ಕಾರಣವೇನು?

ಪುಣೆ: 1931ರ ಜುಲೈ 22. ಮುಂಬೈ ಪ್ರಾಂತ್ಯದ ಹಂಗಾಮಿ ಗವರ್ನರ್ ಸರ್ ಅರ್ನೆಸ್ಟ್ ಹಾಟ್ಸನ್ ಪುಣೆಯ ಫರ್ಗ್ಯೂಸನ್ ಕಾಲೇಜಿಗೆ ಬಂದಿದ್ದರು. ಅದೇ ಕಾಲೇಜಿನ ವಿದ್ಯಾರ್ಥಿ ವಾಸುದೇವ ಬಳವಂತ ಗೋಗಟೆ ಅತಿ ಸಮೀಪದಿಂದ ರಿವಾಲ್ವರ್ ಹಾರಿಸಿದರು. ಅದೇ ವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ ಸೇರಿ ಸೊಲ್ಲಾಪುರದ ನಾಲ್ವರನ್ನು ಯರವಾಡ ಜೈಲಿನಲ್ಲಿ ಗಲ್ಲಿಗೇರಿಸಿದ್ದಕ್ಕೆ ಅದು ಪ್ರತೀಕಾರವಾಗಿತ್ತು. ಗುಂಡು ಎದೆಗೇ ತಗುಲಿತು. ಆದರೆ ಜೇಬಿನಲ್ಲಿದ್ದ ಪುಸ್ತಕದ ಲೋಹದ ಗುಂಡಿಗೆ ಬಡಿದು ನಿಂತುಬಿಟ್ಟಿತು! ಒಳಗೆ ರಕ್ಷಾಕವಚವಿತ್ತು ಎಂಬ ಮಾತೂ ಇದೆ. ಹಾಟ್ಸನ್ ಬದುಕಿದರು, ಗೋಗಟೆ ಅವರಿಗೆ 'ಹಾಟ್ಸನ್ ಗೋಗಟೆ' ಎಂಬ ಹೆಸರೇ ಉಳಿಯಿತು.

ಗುರಿ ಸರಿಯಿತ್ತು, ಗುಂಡು ಒಳಹೊಕ್ಕಲಿಲ್ಲ. ನಿಖರತೆ ಬೇರೆ, ಶಕ್ತಿ ಬೇರೆ.

ಹಾಗಾದರೆ ನಿಖರತೆ ಬರುವುದು ಎಲ್ಲಿಂದ? ಅನೇಕ ಪಿಸ್ತೂಲುಗಳಲ್ಲಿ ಪ್ರತಿ ಗುಂಡಿಗೂ ಮೇಲಿನ ಸ್ಲೈಡ್ ಹಿಂದಕ್ಕೆ ಹೋಗಿ ಬರುತ್ತದೆ, ಬ್ಯಾರೆಲ್ ಕೂಡ ಸ್ವಲ್ಪ ಅಲುಗುತ್ತದೆ. ಸಾಮಾನ್ಯ ರಿವಾಲ್ವರ್‌ನಲ್ಲಿ ಬ್ಯಾರೆಲ್ ಚೌಕಟ್ಟಿಗೆ ಬಿಗಿಯಾಗಿರುತ್ತದೆ. ಕುದುರೆಯನ್ನು ಮೊದಲೇ ಹಿಂದಕ್ಕೆಳೆದು ಹೊಡೆದರೆ ಟ್ರಿಗರ್ ಹಗುರ, ಕೈ ನಡುಗುವುದು ಕಡಿಮೆ. ನುರಿತ ಕುಶಲಕರ್ಮಿ ಟ್ರಿಗರ್ ನಯಗೊಳಿಸಿ, ಗುರಿಕಡ್ಡಿ ಸರಿಪಡಿಸಿದ ಹಳೆಯ ರಿವಾಲ್ವರ್ ಹೊಸದನ್ನೂ ಮೀರಿಸಬಹುದು. ಲೋಹಕ್ಕೆ ವಯಸ್ಸಾದ ಮಾತ್ರಕ್ಕೆ ಗುರಿ ಕೆಡುವುದಿಲ್ಲ, ಸವೆದರೆ ಕೆಡುತ್ತದೆ.

ಕಾಡತೂಸಿನ ಪಾತ್ರವೂ ದೊಡ್ಡದು. ಪುಣೆಯ ಖಡ್ಕಿಯಲ್ಲಿ 1869ರಿಂದ ಮದ್ದುಗುಂಡು ಕಾರ್ಖಾನೆ ಇದೆ. ಅಲ್ಲಿನ .32 ಕಾಡತೂಸುಗಳ ಹಿಂಬದಿಯಲ್ಲಿ 'ಕೆಎಫ್' ಎಂಬ ಮುದ್ರೆ ಇರುತ್ತದೆ. .32 ಲಾಂಗ್ ಎಂಬ ಈ ಅಳತೆ 1896ರದ್ದು. ಹಿಮ್ಮೊಗೆತ ಕಡಿಮೆಯಾದ್ದರಿಂದ ಇಂದಿಗೂ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗಳಲ್ಲಿ ಬಳಕೆಯಲ್ಲಿದೆ. ಅಲ್ಲಿ ನಿಖರತೆ ಸುತ್ತಿನ ಹತ್ತು ಅಂಕದ ವೃತ್ತ ಕೇವಲ 50 ಮಿ.ಮೀ. ಅಗಲ! 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಇದೇ ಸ್ಪರ್ಧೆಯಲ್ಲಿ 600ಕ್ಕೆ 590 ಅಂಕ ಗಳಿಸಿ ಚಿನ್ನ ಗೆದ್ದಿದ್ದರು.

ರಿವಾಲ್ವರ್‌ನ ದೌರ್ಬಲ್ಯ ಸಿಲಿಂಡರ್‌ನಲ್ಲಿದೆ. ಆರು ಕೋಣೆಗಳಿದ್ದರೆ ಆರೂ ಸರದಿಯಲ್ಲಿ ಬ್ಯಾರೆಲ್‌ಗೆ ಎದುರಾಗಿ ನೇರ ನಿಲ್ಲಬೇಕು. ಕೂದಲೆಳೆಯಷ್ಟು ವಾರೆಯಾದರೂ ಗುಂಡಿನ ಸೀಸ ಅಂಚಿಗೆ ಉಜ್ಜಿ, ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಪಕ್ಕದಲ್ಲಿ ನಿಂತವರಿಗೆ ಅಪಾಯ. ನಡುವೆ ಮಡಚುವ ವೆಬ್ಲಿ ಮಾದರಿಗಳಲ್ಲಿ ಕೀಲು, ಚಿಲಕ ಸಡಿಲವಾದರೂ ಗುರಿ ಹೋಗುತ್ತದೆ. ಬಾಗಿಲ ತಿರುಗಣಿ ಸವೆದಂತೆ!

ಹಾಗಂತ ಅಜ್ಜನ ಕಾಲದ ರಿವಾಲ್ವರನ್ನು ಸಿಕ್ಕ ಕುಲುಮೆಯಲ್ಲಿ ಮಾರ್ಪಡಿಸಿಕೊಳ್ಳುವಂತಿಲ್ಲ. ಪರವಾನಗಿ ಇಲ್ಲದೆ ಬಂದೂಕು ರಿಪೇರಿ ಅಥವಾ ಪರಿವರ್ತನೆಯ ಕೆಲಸ ನಡೆಸುವುದು, ಬ್ಯಾರೆಲ್ ಕತ್ತರಿಸಿ ಗಿಡ್ಡ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಬಂದೂಕಿಗೆ ಲೈಸೆನ್ಸ್ ಇದೆ ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಕೆಲಸ ಮಾಡುವವನ ಬಳಿಯೂ ಅದಕ್ಕೆ ಪ್ರತ್ಯೇಕ ಪರವಾನಗಿ ಇರಬೇಕು.