ಕೈಯಲ್ಲೊಂದು ಗಾಳಿಪೆಟ್ಟಿಗೆ: ವಿಡಿಯೋ ನೋಡಿ ಕಾನ್ಸರ್ಟೀನಾ ಕಲಿಯುವುದು ಹೇಗೆ?



ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಒಟ್ಟು 61 ದಿನ, ಕಾಸಿಮೇಡಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲವೆಂದು ಪೂರ್ವ ಕರಾವಳಿಯಲ್ಲೆಲ್ಲ ನಿಷೇಧ. ಬಂದರಿನಲ್ಲಿ ಬಲೆ ಸರಿಮಾಡುವ, ದೋಣಿಗೆ ಬಣ್ಣ ಬಳಿಯುವ ಕೆಲಸ ನಡೆಯುತ್ತಿರುತ್ತದೆ. ಕಾಸಿಮೇಡು, ರಾಯಪುರಂ, ತಂಡಿಯಾರಪೇಟೆ ಕಡೆ ಮನೆ ಮಾಡಿರುವ ನಮ್ಮವರಿಗೆ ಅದೇ ಹೊತ್ತಿಗೆ ಮಕ್ಕಳ ಬೇಸಿಗೆ ರಜೆ. ಒಂದು ಹೊಸ ವಾದ್ಯಕ್ಕೆ ಕೈ ಹಚ್ಚಲು ಎರಡು ತಿಂಗಳು ಒಳ್ಳೆಯ ಅವಧಿ. ಹತ್ತಿರದಲ್ಲಿ ಮೇಷ್ಟರು ಸಿಗದ ವಾದ್ಯವಾದರೂ ಚಿಂತೆಯಿಲ್ಲ, ಮೊಬೈಲಿನಲ್ಲಿ ವಿಡಿಯೋ ಪಾಠಗಳಿವೆ. ಅಂಥ ಒಂದು ವಾದ್ಯ ಕಾನ್ಸರ್ಟೀನಾ.

ಏನಿದು ಕಾನ್ಸರ್ಟೀನಾ?

ನಮ್ಮ ನಾಟಕ ಕಂಪನಿಗಳ ಹಾರ್ಮೋನಿಯಂ ಪೆಟ್ಟಿಗೆಯ ದೂರದ ನೆಂಟ ಎನ್ನಬಹುದು. ಎರಡರಲ್ಲೂ ತಿದಿಯ ಗಾಳಿ ಲೋಹದ ರೀಡುಗಳನ್ನು ಅಲುಗಾಡಿಸಿ ನಾದ ಹೊರಡಿಸುತ್ತದೆ. ಕಾನ್ಸರ್ಟೀನಾ ಮಾತ್ರ ಎರಡು ಅಂಗೈಗಳ ನಡುವೆ ಹಿಡಿಯುವಷ್ಟು ಪುಟ್ಟದು, ಸಾಮಾನ್ಯವಾಗಿ ಆರು ಮೂಲೆಯದು. ಮನೆಗಳ ಬದಲು ಎರಡು ಬದಿಗಳಲ್ಲಿ ಗುಂಡಿಗಳಿರುತ್ತವೆ.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಲಂಡನ್ನಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ರೂಪಿಸಿದ 'ಇಂಗ್ಲಿಷ್' ಮಾದರಿಯಲ್ಲಿ ಒಂದು ಗುಂಡಿಗೆ ಒಂದೇ ಸ್ವರ, ತಿದಿ ಮುಚ್ಚಿದರೂ ತೆರೆದರೂ ಅದೇ. ಜರ್ಮನಿಯ ಕೆಮ್ನಿಟ್ಸ್ ಊರಿನ ಕಾರ್ಲ್ ಫ್ರೆಡ್ರಿಕ್ ಊಲಿಗ್ 1834ರಲ್ಲಿ ಮಾಡಿದ ವಾದ್ಯದಿಂದ ಬೆಳೆದದ್ದು 'ಆಂಗ್ಲೋ' ಮಾದರಿ. ಅದರಲ್ಲಿ ಒಂದೇ ಗುಂಡಿಗೆ ಎರಡು ಸ್ವರ, ಮುಚ್ಚುವಾಗ ಒಂದು, ತೆರೆಯುವಾಗ ಇನ್ನೊಂದು. ಒಂದರ ಪಾಠ ಇನ್ನೊಂದಕ್ಕೆ ಸ್ವಲ್ಪವೂ ಹೊಂದುವುದಿಲ್ಲ. ವಿಡಿಯೋ ಹುಡುಕುವಾಗ ನಿಮ್ಮ ವಾದ್ಯದ ಜಾತಿ, ಶ್ರುತಿ, ಗುಂಡಿಗಳ ಸಂಖ್ಯೆ, ಮೂರನ್ನೂ ಸೇರಿಸಿ ಹುಡುಕಿ. ಐರಿಷ್ ಸಂಗೀತದ ಹೆಚ್ಚಿನ ಪಾಠಗಳು 30 ಗುಂಡಿಗಳ ಆಂಗ್ಲೋಗೆ ಮಾಡಿದವು. 20 ಗುಂಡಿಯ ಪೆಟ್ಟಿಗೆ ಹಿಡಿದು ಅವುಗಳ ಹಿಂದೆ ಹೋದರೆ ಇಲ್ಲದ ಗುಂಡಿಗಾಗಿ ತಡಕಾಡಬೇಕಾಗುತ್ತದೆ.

ಕೊಂಡ ದಿನವೇ ಪರೀಕ್ಷಿಸಿ

ಅಂಚೆಯಲ್ಲೋ ಕೊರಿಯರಿನಲ್ಲೋ ವಾದ್ಯ ಬಂದರೆ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಎಲ್ಲ ಗುಂಡಿಗಳನ್ನೂ ಎರಡೂ ದಿಕ್ಕಿನಲ್ಲಿ ನುಡಿಸಿ ನೋಡಿ. 20 ಗುಂಡಿ ಎಂದರೆ 40 ಬಾರಿ ನಾದ ಬರಬೇಕು. ಆಮೇಲೆ ಯಾವ ಗುಂಡಿಯನ್ನೂ ಒತ್ತದೆ ಒಂದು ಬದಿ ಹಿಡಿದು ಇನ್ನೊಂದನ್ನು ಜೋಪಾನವಾಗಿ ಇಳಿಬಿಡಿ. ತಿದಿ ನಿಧಾನವಾಗಿ ತೆರೆದುಕೊಂಡರೆ ಸರಿ. ದಬಕ್ಕನೆ ಬಿಚ್ಚಿಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ.

ಮೊದಲ ಸರಿಗಮ

20 ಗುಂಡಿಯ ಸಿ–ಜಿ ಆಂಗ್ಲೋದಲ್ಲಿ ಎರಡು ಸಾಲು. ಅಂಗೈಯಿಂದ ದೂರದ್ದು ಸಿ ಸಾಲು. ಎಡಗೈಯಲ್ಲಿ ಕಿರುಬೆರಳಿನ ಕಡೆಯಿಂದ, ಬಲಗೈಯಲ್ಲಿ ತೋರುಬೆರಳಿನ ಕಡೆಯಿಂದ ಎಣಿಸಿ.

ಎಡಗೈ 3ನೇ ಗುಂಡಿ: ಮುಚ್ಚಿದರೆ ಸ, ತೆರೆದರೆ ರಿ.
ಎಡಗೈ 4ನೇ ಗುಂಡಿ: ಮುಚ್ಚಿದರೆ ಗ, ತೆರೆದರೆ ಮ.
ಎಡಗೈ 5ನೇ ಗುಂಡಿ: ಮುಚ್ಚಿದರೆ ಪ, ತೆರೆದರೆ ದ.
ಬಲಗೈ 1ನೇ ಗುಂಡಿ: ತೆರೆದರೆ ನಿ, ಮುಚ್ಚಿದರೆ ಮೇಲಿನ ಸ.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ದ ಮತ್ತು ನಿ ಎರಡೂ ತೆರೆಯುವ ಸ್ವರಗಳು. ಅಲ್ಲಿಯವರೆಗೆ ಮುಚ್ಚು–ತೆರೆ ಎಂದು ಓಡಿದ ಕೈ ಇಲ್ಲಿ ಮುಗ್ಗರಿಸುತ್ತದೆ. ಇದಕ್ಕೊಂದು ಉಪಾಯವಿದೆ. ಮ, ನಿ ಬಿಟ್ಟು ಸ ರಿ ಗ ಪ ದ ಸ ನುಡಿಸಿ. ಅದೇ ಮೋಹನ! ಮೊದಲ ಎರಡು ವಾರ ಮೋಹನದ ಆರೋಹಣ ಅವರೋಹಣ ಸಾಕು. ಬಳಿಕ ಮ, ನಿ ಸೇರಿಸಿದರೆ ಶಂಕರಾಭರಣದ ಏಳೂ ಸ್ವರ ಕೈಗೆ ಬರುತ್ತವೆ.

ತಿದಿ ಪೂರ್ತಿ ತೆರೆದುಹೋಗಿ ಮುಂದೆ ಎಳೆಯಲು ಜಾಗವೇ ಇಲ್ಲದಂತಾದರೆ ಬಲ ಹೆಬ್ಬೆರಳಿನ ಗಾಳಿಗುಂಡಿ ಒತ್ತಿ ಸದ್ದಿಲ್ಲದೆ ಮುಚ್ಚಿಕೊಳ್ಳಿ. ಯಾವ ಗುಂಡಿಯನ್ನೂ ಒತ್ತದೆ ಬಲವಂತವಾಗಿ ಎಳೆದರೆ ತಿದಿಯ ಮಡಿಕೆಗಳು ಹಾಳಾಗುತ್ತವೆ. ಒಂದು ಬದಿಯನ್ನು ಎಡ ತೊಡೆಯ ಮೇಲೆ ಊರಿ, ಇನ್ನೊಂದನ್ನು ಮಾತ್ರ ಚಲಿಸಿ.

ಸರಳೆ ವರಸೆ ಯಾಕೆ ಬರುವುದಿಲ್ಲ?

ಚಿಕ್ಕಂದಿನಲ್ಲಿ ಸಂಗೀತ ಕಲಿತವರು ವಾದ್ಯ ಕೈಗೆ ಬಂದ ಕೂಡಲೇ ಮಾಯಾಮಾಳವಗೌಳದ ಸರಳೆಗೆ ಹೊರಡುತ್ತಾರೆ. ಸಿಯನ್ನು ಷಡ್ಜ ಮಾಡಿಕೊಂಡರೆ 20 ಗುಂಡಿಯ ಪೆಟ್ಟಿಗೆಯಲ್ಲಿ ಅದರ ಶುದ್ಧ ಋಷಭವೂ ಇಲ್ಲ, ಶುದ್ಧ ಧೈವತವೂ ಇಲ್ಲ. ತಪ್ಪು ನಿಮ್ಮ ಬೆರಳಿನದಲ್ಲ. ಆ ಸ್ವರಗಳು ಬೇಕಾದರೆ 30 ಗುಂಡಿಯದ್ದು ಬೇಕು.

ಇನ್ನೊಂದು ಮಿತಿ ಗಮಕ. ರೀಡಿನ ಸ್ವರ ಸ್ಥಿರ, ಜಾರಿಸಲು ಬರುವುದಿಲ್ಲ. ಹಾರ್ಮೋನಿಯಂ ಮೇಲೂ ಇದೇ ದೂರಿತ್ತು. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿ, 1971ರಲ್ಲಿ ಭಾಗಶಃ ಸಡಿಲಿಸಿತು. ಹಾಗಾದರೆ ಕಾನ್ಸರ್ಟೀನಾದಲ್ಲಿ ನಮ್ಮ ಸಂಗೀತ ಏನು ನುಡಿಸಬಹುದು?

ಉತ್ತರ ಉತ್ತರ ಚೆನ್ನೈನಲ್ಲೇ ಇದೆ. ಮುತ್ತುಸ್ವಾಮಿ ದೀಕ್ಷಿತರ (1775–1835) ಕುಟುಂಬ ಮಣಲಿಯ ಮೊದಲಿಯಾರರ ಆಶ್ರಯದಲ್ಲಿತ್ತು. ಅಲ್ಲಿಂದ ಸೇಂಟ್ ಜಾರ್ಜ್ ಕೋಟೆಗೆ ಹೋಗಿ ಬ್ರಿಟಿಷರ ಬ್ಯಾಂಡ್ ಕೇಳಿದ ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದರು ಎಂಬುದು ಪರಂಪರೆಯ ಮಾತು. ಅವೇ ನೊಟ್ಟುಸ್ವರಗಳು, ಸುಮಾರು 40. ಎಲ್ಲ ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ, ನೇರ ನಡೆಯಲ್ಲಿ. ಸಿ ಸಾಲಿಗೆ ಹೇಳಿ ಮಾಡಿಸಿದಂತಿವೆ. 'ಶಕ್ತಿಸಹಿತ ಗಣಪತಿಂ' ಅಥವಾ 'ಶ್ಯಾಮಲೇ ಮೀನಾಕ್ಷಿ' ಎರಡನೇ ತಿಂಗಳಿಗೆ ತಕ್ಕ ಪಾಠ.

ವಿಡಿಯೋ ನೋಡುವಾಗ

ಎದುರು ಕುಳಿತವರ ಎಡಗೈ ಪರದೆಯಲ್ಲಿ ನಿಮ್ಮ ಬಲಕ್ಕೆ ಕಾಣುತ್ತದೆ. ಬೆರಳು ನಕಲು ಮಾಡದೆ ಗುಂಡಿಯ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆಯ ಮುಂದೆ ಮುಚ್ಚು–ತೆರೆ ಗುರುತನ್ನೂ ಹಾಕಿ, ಏಕೆಂದರೆ ತಿದಿಯ ದಿಕ್ಕು ವಿಡಿಯೋದಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ವೇಗವನ್ನು 0.75ಕ್ಕೆ ಇಳಿಸಿ ನೋಡಿ. ಒಂದು ಪಾಠ ಕೈಗೆ ಬರುವ ತನಕ ಮುಂದಿನದನ್ನು ತೆರೆಯಬೇಡಿ. ದಿನಕ್ಕೆ 20 ನಿಮಿಷ ಸಾಕು. ಇದರ ಸದ್ದು ಜೋರು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡಿ.

ಕಡಲ ಹತ್ತಿರದ ಮನೆಗಳಿಗೆ ಇನ್ನೊಂದು ಎಚ್ಚರಿಕೆ. ಉಪ್ಪುಗಾಳಿಗೆ ಉಕ್ಕಿನ ರೀಡು ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಬೆವರು ಒರೆಸಿ, ತಿದಿ ಮುಚ್ಚಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ. ರೀಡಿಗೆ ಎಣ್ಣೆ ಹಾಕಲೇಬೇಡಿ. ಬಿಸಿಲಿಗೂ ಇಡಬೇಡಿ, ಅಂಟು ಬಿಡುತ್ತದೆ.

ಕೊನೆಯದಾಗಿ, ವಿಡಿಯೋ ಮೇಷ್ಟರು ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳಿಕೊಡುತ್ತಾರೆ, ಆದರೆ ನೀವು ನುಡಿಸಿದ್ದು ಅವರಿಗೆ ಕೇಳುವುದಿಲ್ಲ. ತಾಳ ತಪ್ಪಿದರೂ 'ಭೇಷ್, ಮುಂದಿನ ಪಾಠ' ಎನ್ನುತ್ತಾರೆ. ಆದ್ದರಿಂದ ವಾರಕ್ಕೊಮ್ಮೆ ನಿಮ್ಮ ನುಡಿಸಾಣಿಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕಣ್ಣು ಮುಚ್ಚಿ ಕೇಳಿ, ರೇಡಿಯೋ ಕೇಳಿದ ಹಾಗೆ. ಎಲ್ಲಿ ತಪ್ಪಿತೆಂದು ನಿಮ್ಮ ಕಿವಿಯೇ ಹೇಳುತ್ತದೆ. ಜೂನ್ 15ರಂದು ದೋಣಿಗಳು ಮತ್ತೆ ಕಡಲಿಗೆ ಹೊರಡುವ ಹೊತ್ತಿಗೆ ಒಂದು ನೊಟ್ಟುಸ್ವರ ನಿಮ್ಮ ಕೈಯಲ್ಲಿರಲಿ.